ಅಗಸಿಯ ಹೆಸರು

ಕಮಲಾಪುರ ಇನ್ನೂ ಸ್ವಲ್ಪ ದೂರವಿರುವಾಗ ಜೀಪು ಪಂಕ್ಚರ್ ಆಯಿತು. ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವ ಬಾನುಬಿಯ ಅಂಗಡಿ ನೆರಳಲ್ಲಿ ಕುಳಿತೆವು. ನನ್ನ ತೊಡೆಯ ಮೇಲೆ ಮೊಮ್ಮಗಳ ಕೂಸು, ಪಕ್ಕದಲ್ಲಿ ಅವಳ ಗಂಡ. ಅವನು ಲಿಥುವೇನಿಯಾ ದೇಶದವನು. ಮೊಮ್ಮಗಳು ಇನ್ನೂ ಕಲಬುರಗಿಯ ಆಸ್ಪತ್ರೆಯಲ್ಲೇ ಇದ್ದಾಳೆ.

"ಕೂಸು ಮಲಗ್ಯದೇನ್ರಿ?" ಎಂದಳು ಬಾನುಬಿ.

"ಸತ್ತದ. ನಮ್ಮ ಹೊಲದಾಗ ಮಣ್ಣು ಮಾಡಾಕ ಒಯ್ಯಾಕತ್ತೀವಿ," ಎಂದೆ.

ಅವನು ದಾರಿಯುದ್ದಕ್ಕೂ ಕೇಳಿದ್ದನ್ನೇ ಮತ್ತೆ ಕೇಳಿದ. "ಆಯಿ, ಹೆಸರು ಇಡ್ರಿ. ಲೀನಸ್."

"ತೊಟ್ಟಿಲಿಗೆ ಹಾಕದ ಕೂಸಿಗೆ ಹೆಸರಿಲ್ಲಪ್ಪ. ಕಿವ್ಯಾಗ ಕರೀಬೇಕಾದಾಕಿ ಸೋದರತ್ತಿ. ನಿನಗ ಅಕ್ಕ ತಂಗಿ ಯಾರೂ ಇಲ್ಲ."

"ಲೀನಸ್ ಅಂದ್ರೇನ್ರಿ?" ಬಾನುಬಿ ಕೇಳಿದಳು.

"ಅಗಸಿ," ಎಂದ. ಅವರ ಕಡೆ ಆ ಬೆಳೆಯ ಹೆಸರನ್ನೇ ಗಂಡುಮಕ್ಕಳಿಗೆ ಇಡುತ್ತಾರಂತೆ. ಅದರ ನಾರಿನಿಂದ ಬಟ್ಟೆ ನೇಯುತ್ತಾರಂತೆ. ನಾನು ಜನ್ಮವೆಲ್ಲ ಅಗಸಿ ಹಿಂಡಿ ಕುಟ್ಟಿದವಳು, ಕಡ್ಡಿಯನ್ನು ಒಲೆಗೆ ಹಾಕಿದವಳು. ಅದರೊಳಗೆ ಬಟ್ಟೆ ಇದೆ ಎಂದು ಯಾರೂ ಹೇಳಿರಲಿಲ್ಲ.

ಬಾನುಬಿ ಕೈ ತೊಳೆದು ಬಂದಳು. "ಇವರಿಗೆ ಭಾಯಿ ಅಂತೀನಿ. ಈಗ ನಾ ಸೋದರತ್ತಿ ಆದೆ, ಇಲ್ಲೇನ್ರಿ ಆಯಿ?"

ನಾನು ಬಟ್ಟೆ ಸರಿಸಿ ಕೂಸಿನ ಕಿವಿ ತೋರಿಸಿದೆ. ಅವಳು ಬಗ್ಗಿ ಮೂರು ಸಲ ಕರೆದಳು.

ಹೆಸರು ಕರೆದ ಸೋದರತ್ತಿಯ ಬೆನ್ನಿಗೆ ಹೆಂಗಸರೆಲ್ಲ ನಗುತ್ತ ಗುದ್ದುವುದು ನಮ್ಮ ರೂಢಿ. ಅಲ್ಲಿ ನಾನೊಬ್ಬಳೇ ಇದ್ದೆ. ಒಂದು ಗುದ್ದಿದೆ.