ಒಂದು ಮೊಣಕಾಲಿನಷ್ಟು ಎಣ್ಣೆ

ಪೆದ್ರು ತೀರಿಕೊಂಡು ಎರಡು ತಿಂಗಳಾಯಿತು. ಅವನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತಾಗಲೆಲ್ಲ ನನಗೆ ಮೊದಲು ನೆನಪಾಗುವುದು ನಮ್ಮವ್ವನ ಮೊಣಕಾಲು. ದುಃಖದಲ್ಲಿ ನಗು ಬರಬಾರದು ಅನ್ನುತ್ತಾರೆ. ಅವನ ವಿಷಯದಲ್ಲಿ ಅದು ನನ್ನಿಂದಾಗದು.

ಅವನು ನಮ್ಮ ಹಳಿಯಾಳದಿಂದ ನಾಲ್ಕು ಮೈಲಿ ದೂರದ ಕಾಡಂಚಿನ ಹಳ್ಳಿಯ ಸಿದ್ದಿ ಜನಾಂಗದ ಕ್ರೈಸ್ತ. ಒಂದಿಷ್ಟು ಭತ್ತ ಬೆಳೆಯುತ್ತಿದ್ದ, ಸುಗ್ಗಿ ಮುಗಿದ ಮೇಲೆ ಮರ ಕಡಿಯುವ ಕೂಲಿಗೆ ಹೋಗುತ್ತಿದ್ದ. ಇವೆರಡನ್ನೂ ಅವನು ಕೆಲಸವೆಂದು ಎಣಿಸುತ್ತಿರಲಿಲ್ಲ. ಅವನ ಕೆಲಸ ವರ್ಷಕ್ಕೆ ಒಂದೇ ದಿನದ್ದು. ಈಸ್ಟರಿಗೆ ಮೊದಲಿನ ಗುರುವಾರ ಬಿಷಪ್ಪರು ಪ್ರಾರ್ಥಿಸಿ ಕೊಡುವ ಮೂರು ಸೀಸೆ ಎಣ್ಣೆಯನ್ನು ತಮ್ಮೂರ ಹಳೆಯ ಇಗರ್ಜಿಗೆ ತರುವುದು. ಅದರಲ್ಲಿ ಕೆನ್ನೀಲಿ ದಾರ ಕಟ್ಟಿದ ಸೀಸೆ ರೋಗಿಗಳಿಗೆ ಹಚ್ಚುವ ಎಣ್ಣೆಯದು.

ಬೆಳಗಾವಿಯಲ್ಲಿ ಬಿಷಪ್ಪರು ಇರದ ಕಾಲಕ್ಕೆ ಅವನಪ್ಪ ಈ ಎಣ್ಣೆಗಾಗಿ ಘಟ್ಟ ಇಳಿದು ಗೋವೆಗೆ ನಡೆದು ಹೋಗುತ್ತಿದ್ದನಂತೆ. ೧೯೫೩ರಲ್ಲಿ ಬೆಳಗಾವಿಯೇ ಬೇರೆ ಧರ್ಮಪ್ರಾಂತ್ಯವಾಯಿತು. ಪೆದ್ರುವಿಗೆ ಬಸ್ಸು ಬಂತು. ಅದೇ ಅವನ ಸಂಕಟ.

“ನಮ್ಮಪ್ಪ ನಡದು ತಂದಾಂವ, ನಾ ಕುಂತು ತರಾಂವ. ಸ್ವರ್ಗದಾಗ ಎದುರಾದ್ರ ಏನ ಹೇಳ್ಲಿ ಮಾಸ್ತರ?”

“ಬಸ್ಸಿನಾಗ ಜಾಗಾ ಸಿಗಲಿಲ್ಲ, ನಿಂತ ಬಂದೆ ಅನ್ನು,” ಎಂದೆ.

ಮರುವರ್ಷ ಸೀಟು ಖಾಲಿಯಿದ್ದರೂ ಪುಣ್ಯಾತ್ಮ ಬೆಳಗಾವಿಯಿಂದ ನಿಂತೇ ಬಂದನೆಂದು ಕಂಡಕ್ಟರು ನನಗೆ ಹೇಳಿದ.

೧೯೫೭ರಲ್ಲಿ ಅವರ ಊರಿಗೆ ಹೊಸ ಪಾದ್ರಿ ಬಂದರು. ವಯಸ್ಸು ಸಣ್ಣದು, ಶಿಸ್ತು ದೊಡ್ಡದು. ಆ ವರ್ಷ ಪೆದ್ರು ಹಳಿಯಾಳದಲ್ಲಿ ಇಳಿಯುವಾಗ ಚೀಲವನ್ನು ಬಸ್ಸಿನಲ್ಲೇ ಮರೆತ. ಎಣ್ಣೆ ದಾಂಡೇಲಿ ನೋಡಿಕೊಂಡು ಸಂಜೆಗೆ ಹಿಂದಿರುಗಿತು. ಇನ್ನೊಮ್ಮೆ ಹೀಗಾದರೆ ಡ್ರೈವರನ ಕೈಯಲ್ಲಿ ಪಾರ್ಸೆಲ್ ತರಿಸಿಕೊಳ್ಳುತ್ತೇನೆ, ನೀನು ಬೇಡ ಎಂದರು ಪಾದ್ರಿ. ಪೆದ್ರು ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಅಪ್ಪ ಕೊಟ್ಟು ಹೋದದ್ದು ಅವನ ಬಳಿ ಇದೊಂದೇ ಇತ್ತು.

ಮರುವರ್ಷ ಚೀಲವನ್ನು ಕೊರಳಿಗೆ ಕಟ್ಟಿಕೊಂಡೇ ಬಂದ. ಬಸ್‌ಸ್ಟ್ಯಾಂಡಿನ ಹತ್ತಿರವೇ ನಮ್ಮ ಮನೆ. ಪಡಸಾಲೆಯ ಗೂಟಕ್ಕೆ ಚೀಲ ತೂಗುಹಾಕಿ, ಕೈಕಾಲು ತೊಳೆಯಲು ನನ್ನ ಜೊತೆ ಹಿತ್ತಲಿಗೆ ಬಂದ. ನಮ್ಮವ್ವ ಕಾಶೆವ್ವನಿಗೆ ಮೊಣಕಾಲು ನೋವು. ಮುಂದಿನ ಸಲ ಕಾಡಿನ ಬೇರು ಕುದಿಸಿದ ಎಣ್ಣೆ ತರುತ್ತೇನೆಂದು ಅವನೇ ಮಾತು ಕೊಟ್ಟಿದ್ದ. ನಾವು ಒಳಗೆ ಬಂದಾಗ ಅವ್ವ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಕೆನ್ನೀಲಿ ದಾರದ ಸೀಸೆ.

“ನಿನ್ನ ಎಣ್ಣೀಗೆ ಘಾಟs ಇಲ್ಲಲ್ಲೋ ಪೆದ್ರು,” ಎಂದಳು.

ಪೆದ್ರು ಬೂಚಿಗಾಗಿ ನೆಲವೆಲ್ಲ ತಡಕಾಡಿದ. ಇನ್ನೊಂದು ಮೊಣಕಾಲಿಗೆ ಹಚ್ಚಲು ಹೊರಟಿದ್ದ ಅವ್ವನ ಕೈಯಿಂದ ನಾನು ಸೀಸೆ ಕಸಿದೆ. ವಿಷಯ ತಿಳಿದ ಮೇಲೆ ಅವಳೂ ಹೆದರಿದಳು. ನಾನೀಗ ನಿಮ್ಮ ಜಾತಿ ಸೇರಿದಂಗಾತೇನು ಎಂದು ಕೇಳಿದಳು. ಜಾತಿಗೆ ಸೇರಿಸುವ ಎಣ್ಣೆ ಬೇರೆ ಸೀಸೆಯದು, ಇದು ರೋಗಿಗಳದು ಎಂದು ಪೆದ್ರು ಅಷ್ಟು ದುಃಖದಲ್ಲೂ ವಿವರಿಸಿದ.

ತಪ್ಪು ನಮ್ಮ ಮನೆಯದಾದ್ದರಿಂದ ನಾನೂ ಅವನೊಡನೆ ಇಗರ್ಜಿಗೆ ನಡೆದೆ. ಪಾದ್ರಿ ನಮ್ಮ ಮಾತನ್ನು ಪೂರ್ತಿ ಕೇಳಿ, ಒಂದು ದಪ್ಪ ಪುಸ್ತಕ ತೆಗೆದರು. ಎಣ್ಣೆ ಕಡಿಮೆ ಬಿದ್ದರೆ ಮಂತ್ರಿಸದ ಆಲಿವ್ ಎಣ್ಣೆ ಕೂಡಿಸಬಹುದು, ಆದರೆ ಕೂಡಿಸುವುದು ಉಳಿದದ್ದಕ್ಕಿಂತ ಕಡಿಮೆ ಇರಬೇಕು ಎಂದು ಅದರಲ್ಲಿತ್ತು. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ಒಂದು ಕಣ್ಣು ಮುಚ್ಚಿ ನೋಡಿದರು, ನಾನು ನೋಡಿದೆ. ಪೆದ್ರು ನೋಡಲಾರದೆ ನೆಲ ನೋಡುತ್ತಿದ್ದ.

ಒಂದು ಕಾಲಿಗೋ ಎರಡಕ್ಕೋ ಎಂದು ಪಾದ್ರಿ ಬಹಳ ಗಂಭೀರವಾಗಿ ಕೇಳಿದರು. ಒಂದೇ ಎಂದೆ. ಕೊನೆಗೆ ಒಂದು ಹುಲ್ಲುಕಡ್ಡಿ ತರಿಸಿ ಅಳೆದರು. ಅರ್ಧಕ್ಕಿಂತ ಒಂದು ಬೆರಳಷ್ಟು ಹೆಚ್ಚೇ ಉಳಿದಿತ್ತು. ಎರಡನೆಯ ಮೊಣಕಾಲು ಆಗಿದ್ದರೆ ಪೆದ್ರುವಿನ ಕೆಲಸ ಅಂದಿಗೇ ಮುಗಿಯುತ್ತಿತ್ತು.

ಹಳಿಯಾಳದಲ್ಲಿ ಆಲಿವ್ ಎಣ್ಣೆ ಎಲ್ಲಿಂದ ಬರಬೇಕು? ಮರುದಿನ ಶುಭ ಶುಕ್ರವಾರದ ಉಪವಾಸದಲ್ಲೇ ಪೆದ್ರು ದಾಂಡೇಲಿಗೆ ಹೋದ. ಕಾಗದ ಕಾರ್ಖಾನೆಯ ಸಾಹೇಬರ ಮಕ್ಕಳಿಗೆ ಹಚ್ಚಲೆಂದು ಔಷಧಿ ಅಂಗಡಿಯವನು ಇಟ್ಟಿದ್ದ ಸಣ್ಣ ಸೀಸೆ ಹಿಡಿದು ಬಂದ. ಹೋಗುವಾಗಲೂ ಬರುವಾಗಲೂ ನಡೆದೇ ಹೋಗಿಬಂದ.

ಪಾದ್ರಿ ಎಣ್ಣೆ ಕೂಡಿಸಿ ಬೂಚು ಬಿಗಿದ ಮೇಲೆ, ಮುದುಕಿಯ ನೋವು ಹೇಗಿದೆ ಎಂದು ಕೇಳಿದರಂತೆ.

“ಹಚ್ಚಿದ ಕಾಲು ಆರಾಮ ಐತ್ರಿ ಫಾದರ್. ಇನ್ನೊಂದು ಹಂಗ ಐತ್ರಿ,” ಎಂದನಂತೆ ಪೆದ್ರು.

ಪಾದ್ರಿ ನಗು ತಡೆಯಲು ಒಳಗೆ ಹೋಗಿಬಿಟ್ಟರು. ಹೊರಗೆ ಬಂದವರು ಕೆಲಸ ನಿನ್ನದೇ ಎಂದರು, ಆದರೆ ಒಂದು ಷರತ್ತು: ಎಣ್ಣೆ ಕೈಯಲ್ಲಿರುವಾಗ ಯಾರ ಮನೆಯ ಹೊಸ್ತಿಲನ್ನೂ ದಾಟಕೂಡದು.

ಎಂಟು ವರ್ಷ ಅವನು ಈ ಮಾತು ಪಾಲಿಸಿದ. ಪ್ರತಿ ವರ್ಷ ಆ ಗುರುವಾರ ನಮ್ಮ ಮನೆಯ ಎದುರು ರಸ್ತೆಯಲ್ಲೇ ನಿಂತು ಚಹ ಕುಡಿಯುತ್ತಿದ್ದ. ಕಟ್ಟೆಗೂ ಬೆನ್ನು ತಾಗಿಸುತ್ತಿರಲಿಲ್ಲ. ಒಂದು ಸಲ ಆಲಿಕಲ್ಲು ಬಿತ್ತು. ಆಗಲೂ ಒಳಗೆ ಬರಲಿಲ್ಲ. ನಾನೇ ಕೊಡೆ ಹಿಡಿದು ಅವನ ಪಕ್ಕ ನಿಂತೆ. ಇನ್ನೊಂದು ಕಾಲಿಗೆ ಎಣ್ಣೆ ಯಾವಾಗ ಎಂದು ಅವ್ವ ಕಿಟಕಿಯಿಂದಲೇ ಕೇಳುತ್ತಿದ್ದಳು. ಅರ್ಜಿ ಬೆಳಗಾವಿಗೆ ಹೋಗೇತಿ ಯವ್ವಾ ಎನ್ನುತ್ತಿದ್ದ.

ಈ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನದ ಜ್ವರದಲ್ಲಿ ಹೋದ. ಈಸ್ಟರಿಗೆ ಮೊದಲಿನ ಗುರುವಾರ ಸಂಜೆ ನಾನು ಬಾಗಿಲಲ್ಲಿದ್ದೆ. ಬೇರೆ ಯಾರೋ ಚೀಲ ಹಿಡಿದು ಬಸ್ಸಿಳಿದು ನಮ್ಮ ಮನೆಯ ಮುಂದೆ ನಡೆದುಹೋದ. ಯಾರ ಮನೆಗೂ ಹೋಗಬಾರದೆಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಆದರೂ ಅವನು ನಿಲ್ಲಲಿಲ್ಲ.