ರಂಗೋಲಿ ನೀಲಿ

ತಂಗಿ ತರಲು ಹೇಳಿದ ಬಣ್ಣವನ್ನು ನಾನು ತರಲಿಲ್ಲ. ಮೇಣದಬತ್ತಿ ಎರೆದ ಮೇಲೆ ಒಂದನ್ನು ಹಚ್ಚಿ ನೋಡು ಅಂದಿದ್ದಳು, ಅದನ್ನೂ ಮಾಡಲಿಲ್ಲ. ಎಲ್ಲರೆದುರು ಅವಳು ತಲೆ ತಗ್ಗಿಸಿ ನಿಂತಾಗ ಬಾಯಿಯನ್ನೂ ಬಿಡಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಂಗಿ ಓದಿ ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಕೊಟ್ಟೂರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಸಂಜೆ ಹೊತ್ತು ಮೇಣ ಕರಗಿಸಿ, ಅಚ್ಚಿಗೆ ಎರೆದು, ಹೂವಿನಂಥ ಮೇಣದಬತ್ತಿ ಮಾಡುವುದು ಅವಳ ಹುಚ್ಚು. ಆ ವರ್ಷ ಬುದ್ಧ ಪೂರ್ಣಿಮೆಗೆ ಕೇರಿಯ ಹಿರಿಯರು, "ಈ ಸಲ ಅಂಗಡಿದು ಬ್ಯಾಡ, ನಮ್ಮ ಹುಡುಗಿ ಮಾಡಿದ್ದ ಹಚ್ಚೋಣ" ಅಂದರು. ಮನೆಯ ಹೊರಗಿನವರು ಮಾಡಿಕೊಡು ಎಂದು ಅವಳನ್ನು ಕೇಳಿದ್ದು ಅದೇ ಮೊದಲು. ನೀಲಿ ಕಮಲ ಮಾಡುತ್ತೇನೆ ಅಂದಳು.

ಆದರೆ ಅವಳಿಗೆ ರಜೆ ಸಿಗಲಿಲ್ಲ, ಬರೀ ಸಂಜೆ ಹೊತ್ತಿನಲ್ಲಿ ಅಷ್ಟೊಂದು ಕಮಲ ಮುಗಿಯುವಂತಿರಲಿಲ್ಲ. ಬತ್ತಿಗಳನ್ನು ತಾನೇ ಹೊಸೆದಿಟ್ಟು, ಹೊಸಪೇಟೆಗೆ ಹೋಗಿ ಮೇಣದ ಬಣ್ಣ ತಂದು ಎರೆಯುವ ಕೆಲಸ ನನಗೆ ಒಪ್ಪಿಸಿ ಹೋದಳು. ಎರೆಯುವುದನ್ನು ಅವಳೇ ಕಲಿಸಿದ್ದಳು. ಬಿಸಿಲು ನೋಡಿ ನನಗೆ ಬಸ್ಸು ಹತ್ತುವ ಮನಸ್ಸಾಗಲಿಲ್ಲ. ಬಣ್ಣ ಬಣ್ಣವೇ ತಾನೆ ಅಂದುಕೊಂಡು ಇಲ್ಲೇ ಪೇಟೆಯಲ್ಲಿ ರಂಗೋಲಿಯ ನೀಲಿ ಪುಡಿ ಕೊಂಡೆ. ಅವಳು ಬರುವಷ್ಟರಲ್ಲಿ ಎಲ್ಲ ಕಮಲಗಳನ್ನೂ ಅಚ್ಚಿನಿಂದ ಬಿಡಿಸಿ ಇಟ್ಟಿದ್ದೆ.

"ಎಷ್ಟು ಚಲೋ ಬಂದೈತಣ್ಣ ನೀಲಿ. ಹಚ್ಚಿ ನೋಡಿದೇನು?"

"ನೋಡೀನಿ. ಮಸ್ತ್ ಉರೀತೈತಿ."

ಪೂರ್ಣಿಮೆಯ ಸಂಜೆ ಕೇರಿಯ ಭವನದಲ್ಲಿ ಬುದ್ಧವಂದನೆ ಮುಗಿದು, ಮನೆಗೊಬ್ಬರಂತೆ ಬಂದು ಬುದ್ಧನ ಮುಂದೆ ಕಮಲ ಹಚ್ಚಿಟ್ಟರು. ಮೊದಲನೆಯದರ ಉರಿ ಸಣ್ಣಗಾಯಿತು. ಗಾಳಿಗಿರಬೇಕೆಂದು ಯಾರೋ ಫ್ಯಾನು ನಿಲ್ಲಿಸಿದರು. ಆದರೂ ಅದು ಚಿಟಚಿಟ ಅಂದು ಆರಿಯೇ ಹೋಯಿತು. ನನ್ನ ಕಣ್ಣು ಎರಡನೆಯದರ ಮೇಲೆ ನೆಟ್ಟಿತು. ಅದೂ ಹೋಯಿತು. ತಂಗಿ ಮಂಡಿಯೂರಿ ಕಡ್ಡಿ ಗೀರತೊಡಗಿದಳು. ಒಂದನ್ನು ಹಚ್ಚುವಷ್ಟರಲ್ಲಿ ಪಕ್ಕದ್ದು ಹೊಗೆಯಾಡುತ್ತಿತ್ತು. ಹೇಳಬೇಕು, ಈಗಲೇ ಹೇಳಬೇಕು ಅಂದುಕೊಳ್ಳುತ್ತಲೇ ನಾನು ಗೋಡೆಗೆ ಅಂಟಿ ನಿಂತಿದ್ದೆ.

"ಏನವ್ವಾ, ನಿನ್ನ ಕಮಲಕ್ಕ ನಿದ್ದಿ ಬಂತೇನು?" ಅಂದಳು ಹಿಂದಿನಿಂದ ಒಬ್ಬ ಮುದುಕಿ. ಜನ ನಕ್ಕರು.

"ಬತ್ತಿ ನಾನ ಸರಿ ಹೊಸದಿಲ್ರಿ. ನಂದ ತಪ್ಪು," ಅಂದಳು ತಂಗಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮೇಲೆ ಅನುಮಾನವೇ ಇರಲಿಲ್ಲ ಅವಳಿಗೆ. ಕೊನೆಗೆ ಅಂಗಡಿಯ ಬಿಳಿ ಮೇಣದಬತ್ತಿ ತರಿಸಿದರು.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಒಂದು ಕಮಲವನ್ನು ಒಡೆದು ನೋಡಿದೆ. ರಂಗೋಲಿಯ ಕಲ್ಲುಪುಡಿ ಅಚ್ಚಿನ ತಳಕ್ಕೆ ಇಳಿದಿತ್ತು. ಅಚ್ಚಿನ ತಳವೇ ಹೂವಿನ ಮೇಲ್ಭಾಗ. ಬತ್ತಿಯ ಸುತ್ತ ಕೆಸರಿನಂತೆ ಕೂತು, ಮೇಣ ಹೀರುವ ದಾರಿಯನ್ನೇ ಕಟ್ಟಿತ್ತು. ಉಳಿದವನ್ನೆಲ್ಲ ಅವಳ ಕಣ್ಣಿಗೆ ಬೀಳದಂತೆ ತಿಪ್ಪೆಗೆ ಸುರಿದು ಬಂದೆ.

ಆಮೇಲೆ ಅವಳು ಮೇಣ ಕರಗಿಸಲಿಲ್ಲ. ಸಂಜೆ ಬಂದವಳು ಕೈಕಾಲು ತೊಳೆದು ಟೀವಿ ಮುಂದೆ ಕೂರುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಚ್ಚುಗಳನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟಳು.

"ತಂಬ್ರಹಳ್ಳಿ ಗೆಳತಿ ಕೇಳ್ಯಾಳ. ಕೊಟ್ಟು ಬಾರಣ್ಣ. ನನ್ನ ಕೈಗೆ ಇದು ಒಗ್ಗಂಗಿಲ್ಲ."

ಚೀಲವನ್ನು ಬೈಕಿಗೆ ನೇತುಹಾಕಿ ಕಿಕ್ ಹೊಡೆದೆ. ಗಾಡಿ ಶುರುವಾಯಿತು. ಬಾಗಿಲಲ್ಲಿ ಅವಳು ನಿಂತಿದ್ದಳು. ಕೀಲಿ ತಿರುವಿ ಆರಿಸಿದೆ.

"ಯಾಕ, ಪೆಟ್ರೋಲ್ ಇಲ್ಲೇನು?"

ಚೀಲ ಬಿಚ್ಚಿ ತಂದು ಅವಳ ಕಾಲ ಬಳಿ ಇಟ್ಟೆ. ಅವಳ ಮುಖ ನೋಡಲಾಗಲಿಲ್ಲ, ಚೀಲವನ್ನೇ ನೋಡುತ್ತಾ ಹೇಳಿದೆ.

"ನಿನ್ನ ಬತ್ತಿ ಚಲೋ ಇತ್ತವ್ವಾ. ಬಣ್ಣ ನಾ ರಂಗೋಲಿದು ಹಾಕಿದ್ದೆ. ಹಚ್ಚೀನೂ ನೋಡಿದ್ದಿಲ್ಲ. ತಪ್ಪು ನಂದು, ನೀ ತಲಿ ತಗ್ಗಿಸಿದಿ. ತಪ್ಪಾತು ತಂಗಿ, ಕ್ಷಮಿಸಿಬಿಡು."