ನಿಂಗಪ್ಪನ ಕೂಗು

ದೆವ್ವ, ಪಿಶಾಚಿ ಎಂದವರಿಗೆಲ್ಲ ‘ರಾತ್ರಿ ಊಟ ಸ್ವಲ್ಪ ಕಡಿಮೆ ಮಾಡ್ರಿ’ ಎಂದು ಹೇಳಿ ನಗುತ್ತಿದ್ದವನು ನಾನು. ಸುರಪುರದ ಕೋರ್ಟಿನಲ್ಲಿ ಕರಿ ಕೋಟು ಹಾಕಿ ಹಣ್ಣಾದವನಿಗೆ ಇಂಥದ್ದೆಲ್ಲ ನಾಟುವುದಿಲ್ಲ. ಈಗ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಕೆಲವು ವರ್ಷಗಳ ಹಿಂದೆ ಹುಣಸಗಿ ಕಡೆಯ ಮಲ್ಲವ್ವ ನನ್ನನ್ನು ಹುಡುಕಿಕೊಂಡು ಬಂದಳು. ಕುರಿ ಸಾಕುವ ಮನೆತನ. ದೊಡ್ಡ ಮಗ ನಿಂಗಪ್ಪನನ್ನು ತಿಂಥಣಿ ಹತ್ತಿರ, ಹೊಳೆದಂಡೆಯ ಕುರಿಹಟ್ಟಿಯಲ್ಲಿ ಯಾರೋ ಕೊಂದಿದ್ದರು. ಕೊಂದವರು ಪತ್ತೆಯಾಗಲಿಲ್ಲವೆಂದು ಪೊಲೀಸರು ‘ಸಿ’ ರಿಪೋರ್ಟ್ ಹಾಕಿ ಕೇಸು ಮುಚ್ಚಿದ್ದರು. ಹಾಗೆ ಮುಚ್ಚುವ ಮುಂಚೆ ದೂರು ಕೊಟ್ಟವನಿಗೆ ನೋಟೀಸು ಹೋಗುತ್ತದೆ. ದೂರು ಕೊಟ್ಟವನು ಕಿರಿಯ ಮಗ ಬೀರಪ್ಪ. ಅವನು ತಕರಾರಿಲ್ಲವೆಂದು ಸಹಿ ಹಾಕಿ ಬಂದು, ಹೆತ್ತವಳ ಮುಂದೆ ತುಟಿ ಪಿಟಕ್ಕೆಂದಿರಲಿಲ್ಲ. ನನಗೆ ಅಲ್ಲೇ ಅನುಮಾನ ಹತ್ತಿತು.

“ನನ್ನ ಕೇಳದ ಹ್ಯಾಂಗ ಮುಚ್ಚಿದ್ರಿ?” ಎಂದು ಆಕೆ ನನ್ನನ್ನೇ ಕೇಳಿದಳು.

ಮುಚ್ಚಿದ ಕೇಸನ್ನೂ ತೆರೆಸಬಹುದು, ಮತ್ತೆ ತನಿಖೆಯಾಗಲೆಂದು ತಾಯಿಯೂ ಕೋರ್ಟಿಗೆ ಅರ್ಜಿ ಹಾಕಬಹುದು ಎಂದೆ. ಆದರೆ ಬರೀ ಕಣ್ಣೀರಿಗೆ ಕೋರ್ಟು ಕರಗುವುದಿಲ್ಲ, ಪೊಲೀಸರು ಬಿಟ್ಟದ್ದೇನೆಂದು ತೋರಿಸಬೇಕು. ಅದಕ್ಕೇ ಆಕೆಯೊಂದಿಗೆ ಜಾಗ ನೋಡಲು ಹೋದೆ.

ಮಧ್ಯಾಹ್ನದ ಬಿಸಿಲು. ಬೀರಪ್ಪ ಅಲ್ಲೇ ಕುರಿ ಮೇಯಿಸುತ್ತಿದ್ದ. ನನ್ನನ್ನು ಕಂಡು ಅವನ ಮುಖ ಹುಳ್ಳಗಾಯಿತು. ಮಾತು ಶುರು ಮಾಡುವಷ್ಟರಲ್ಲಿ ಜಾಲಿ ಮೆಳೆಯಿಂದ ಒಂದು ಕೂಗು ಬಂತು, ಕುರಿ ಕರೆಯುವ ಕೂಗು. ಕುರಿಗಾರರಲ್ಲಿ ಒಬ್ಬೊಬ್ಬರದು ಒಂದೊಂದು ಕೂಗು. ಒಬ್ಬರ ಕೂಗಿಗೆ ಇನ್ನೊಬ್ಬರ ಕುರಿ ಕಿವಿ ಎತ್ತುವುದಿಲ್ಲ. ಬೀರಪ್ಪನ ಇಡೀ ಹಿಂಡು ಆ ಮೆಳೆಯ ಕಡೆ ಓಡಿತು. ಅವನು ತನ್ನ ಕೂಗು ಹಾಕಿದ. ಒಂದೂ ತಿರುಗಲಿಲ್ಲ.

ಮಲ್ಲವ್ವ ನೆಲಕ್ಕೆ ಕುಂತುಬಿಟ್ಟಳು. “ನಮ್ಮ ನಿಂಗಪ್ಪನ ಕೂಗ್ರಿ ಅದು,” ಎಂದಳು.

ನಾನು ಮೆಳೆಯೊಳಗೆ ನುಗ್ಗಿದೆ. ಮುಳ್ಳಿಗೆ ಅಂಗಿ ಹರಿಯಿತೇ ಹೊರತು ಮನುಷ್ಯರು ಸಿಗಲಿಲ್ಲ. ಈಕೆಯೇ ಯಾರನ್ನೋ ಕೂರಿಸಿ ಆಟ ಹೂಡಿದ್ದಾಳೋ ಏನೋ ಎಂದುಕೊಂಡೆ. ಹಳೆಯ ಕುರಿಗಳಿಗೆ ಸತ್ತವನ ಕೂಗು ನೆನಪಿದ್ದೀತು ಎಂದು ಬೀರಪ್ಪನಿಗೆ ಹೇಳಿದೆ.

“ಅಣ್ಣನ ಕುರಿ ಒಂದೂ ಇಲ್ರಿ,” ಎಂದ. “ಅವ ಸತ್ತ ಮ್ಯಾಲ ಎಲ್ಲಾ ಮಾರೀನಿ. ಇವು ಆಮ್ಯಾಲ ತಂದವು.”

ಹಿಂಡು ವರ್ಷವಿಡೀ ಅವನೊಂದಿಗೇ ಅಲೆಯುವುದರಿಂದ ತಾಯಿಗೂ ಇದು ಗೊತ್ತಿರಲಿಲ್ಲ. ಯಾಕೆ ಮಾರಿದೆ ಎಂದು ಆಕೆ ಕೇಳಿದಳು. ಅವನು ಕುರಿಗಳ ಹಿಂದೆ ನಡೆದುಬಿಟ್ಟ.

ಅರ್ಜಿಯಲ್ಲಿ ಕೂಗಿನ ಸುದ್ದಿ ಎತ್ತಲಿಲ್ಲ, ಎತ್ತಿದ್ದರೆ ನನ್ನನ್ನೇ ಆಸ್ಪತ್ರೆಗೆ ಕಳಿಸುತ್ತಿದ್ದರು. ಸತ್ತವನ ಹಿಂಡು ಅವಸರದಲ್ಲಿ ಮಾರಾಟವಾದದ್ದನ್ನು ಪೊಲೀಸರು ವಿಚಾರಿಸಿಯೇ ಇಲ್ಲ ಎಂದು ವಾದಿಸಿದೆ. ಮತ್ತೆ ತನಿಖೆಗೆ ಆದೇಶವಾಯಿತು. ಅದಿನ್ನೂ ಮುಗಿದಿಲ್ಲ.

ಮೊನ್ನೆ ಕೋರ್ಟಿನ ಅಂಗಳದಲ್ಲಿ ಬೀರಪ್ಪ ಎದುರಾದ. ಬಹಳ ಸೊರಗಿದ್ದಾನೆ. ಈ ಸಲ ನಾನು ಕೇಳದೆಯೇ ಹೇಳಿದ: “ಅಣ್ಣನ ಕುರಿ ದಿನಾ ಆ ಮೆಳಿ ಕಡೆ ಓಡ್ತಿದ್ದೂರಿ ಸಾಹೇಬ್ರ. ಅದಕ್ಕ ಮಾರಿದೆ. ಈಗ ಇವೂ ಓಡ್ತಾವ.”

ಇದು ಕೊಂದವನು ಹೆಣೆದ ನೆಪವೋ, ಅಣ್ಣನನ್ನು ಕಳೆದುಕೊಂಡವನ ಗೋಳೋ, ನನಗೆ ತಿಳಿಯದು. ಸುಳ್ಳೆನ್ನೋಣವೆಂದರೆ, ಆ ಕೂಗನ್ನು ನಾನೂ ಕೇಳಿದ್ದೇನೆ.